ಕಣ್ಣಿಗೆ ಕಾಣದ ರಕ್ತಸ್ರಾವ



ಮಲದ ವಿಷಯವನ್ನು ನಾಲ್ವರ ನಡುವೆ ಆಡುವುದು ನಮ್ಮಲ್ಲಿ ರೂಢಿಯಲ್ಲ. ಪತಿಪತ್ನಿಯರು ಸಹ ಪರಸ್ಪರರಲ್ಲಿ ಈ ಮಾತನ್ನೆತ್ತಲು ಸಂಕೋಚಪಡುತ್ತಾರೆ. ಆದರೆ ಈ ಸಂಕೋಚದ ಮರೆಯಲ್ಲಿಯೇ ಕೆಲವು ರೋಗಗಳು ವರ್ಷಾನುಗಟ್ಟಲೆ ಅಡಗಿ ಬೆಳೆಯುವುದರಿಂದ, ಇಂದು ಅದನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

ಆರೋಗ್ಯವಂತರ ಮಲದಲ್ಲಿಯೂ ದಿನಕ್ಕೆ ಸುಮಾರು 1 ಮಿಲಿಲೀಟರಿನಷ್ಟು ರಕ್ತ ಹೋಗುತ್ತಿರುತ್ತದೆ. ಜಠರದಿಂದ 50ರಿಂದ 100 ಮಿಲಿಲೀಟರಿನಷ್ಟು ಸೋರಿದಾಗ ಮಲವು ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ ಕಾಣುತ್ತದೆ. ಇವೆರಡರ ನಡುವಿನ ಸ್ರಾವವಾದರೋ ಕಣ್ಣಿಗೆ ಬೀಳುವುದೇ ಇಲ್ಲ. ಇದನ್ನೇ ವೈದ್ಯರು ಗುಪ್ತ ರಕ್ತವೆನ್ನುತ್ತಾರೆ.

ಹೊಲದ ಕೆಲಸ ಮಾಡಿ ಬಂದ ಗೃಹಿಣಿಗೆ ಏದುಸಿರು, ತಲೆಸುತ್ತು, ಮುಖ ಬಿಳಿಚಿಕೊಂಡಿದೆ. ರಕ್ತ ಪರೀಕ್ಷಿಸಿದರೆ ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆ. "ಹೆಂಗಸರಿಗೆ ಇದು ಇದ್ದದ್ದೇ" ಎಂದು ಮನೆಯವರು ಸುಮ್ಮನಾಗುತ್ತಾರೆ. ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ನುಂಗಿದರೂ ರಕ್ತ ಏರದಿದ್ದರೆ, ತೂತು ಕೊಡಕ್ಕೆ ನೀರು ಹೊಯ್ಯುತ್ತಿದ್ದೇವೆಯೇ ಎಂದು ಯೋಚಿಸಬೇಡವೇ? ಆ ತೂತು ಎಲ್ಲಿದೆಯೆಂದು ಹುಡುಕಬೇಕು. ಮುಟ್ಟಿನಲ್ಲಿ ಹೆಚ್ಚು ಸ್ರಾವವಾಗುತ್ತಿರಬಹುದು, ಕರುಳಿನಲ್ಲಿಯೂ ಸೋರುತ್ತಿರಬಹುದು.

ಹಳ್ಳಿಗಳಲ್ಲಿ ಇದಕ್ಕೆ ಕೊಕ್ಕೆಹುಳುವು ಒಂದು ಮುಖ್ಯ ಕಾರಣ. ಬಯಲಿನಲ್ಲಿ ಮಲವಿಸರ್ಜನೆಯಾದಲ್ಲಿ ಅದರ ಮರಿಗಳು ತೇವದ ಮಣ್ಣಿನಲ್ಲಿ ಬೆಳೆದು, ಬರಿಗಾಲಿನ ಚರ್ಮವನ್ನು ಕೊರೆದು ಒಳಸೇರಿ, ಕೊನೆಗೆ ಸಣ್ಣ ಕರುಳಿಗೆ ಕಚ್ಚಿಕೊಳ್ಳುತ್ತವೆ. ನೆಕೇಟರ್ ಎಂಬ ಜಾತಿಯ ಒಂದು ಹುಳು ದಿನಕ್ಕೆ ಹೀರುವುದು ಸುಮಾರು 0.03 ಮಿಲಿಲೀಟರ್ ಮಾತ್ರ. ಇದೇನು ಮಹಾ ಎನ್ನಬೇಡಿ. ನೂರು ಹುಳುಗಳಿದ್ದರೆ ತಿಂಗಳಿಗೆ 90 ಮಿಲಿಲೀಟರ್ ಆಯಿತು; ಸಾಮಾನ್ಯವಾಗಿ ಒಂದು ಮುಟ್ಟಿನಲ್ಲಿ ಹೋಗುವ 30ರಿಂದ 40 ಮಿಲಿಲೀಟರಿನ ಎರಡರಷ್ಟಕ್ಕೂ ಹೆಚ್ಚು! ಆಂಕಿಲೋಸ್ಟೋಮ ಎಂಬ ಇನ್ನೊಂದು ಜಾತಿಯು ಇದರ ಹಲವು ಪಟ್ಟು ಹೀರುತ್ತದೆ. ಆಲ್ಬೆಂಡಜೋಲ್ ಮಾತ್ರೆಯಿಂದ ಹುಳುಗಳು ನಾಶವಾಗುತ್ತವೆ. ಆದರೆ ಗರ್ಭಿಣಿಯರು ಮೊದಲ ಮೂರು ತಿಂಗಳಲ್ಲಿ ಅದನ್ನು ಸೇವಿಸತಕ್ಕದ್ದಲ್ಲ.

ಗಂಡಸರಿಗೆ ಮುಟ್ಟಿನ ನೆಪವೂ ಇಲ್ಲ. ಅವರಲ್ಲಿ ರಕ್ತಹೀನತೆ ಕಂಡರೆ ಕರುಳನ್ನು ಶಂಕಿಸಲೇಬೇಕು. ಮೈಕೈನೋವಿಗೆಂದು ಅಂಗಡಿಯಿಂದ ತಂದು ದಿನವೂ ನುಂಗುವ ಆಸ್ಪಿರಿನ್, ಡೈಕ್ಲೋಫೆನಾಕ್ ಮುಂತಾದ ಮಾತ್ರೆಗಳು ಜಠರದಲ್ಲಿ ಹುಣ್ಣುಮಾಡಿ ರಕ್ತ ಒಸರಿಸುತ್ತವೆ. ಮೂಲವ್ಯಾಧಿ, ಆಮಶಂಕೆ, ಕರುಳಿನ ಕ್ಷಯ, ದೊಡ್ಡ ಕರುಳಿನ ಗಂಟು ಮತ್ತು ಕ್ಯಾನ್ಸರ್ ಸಹ ಕಾರಣಗಳಾಗಬಹುದು. ಗಂಟು ಕ್ಯಾನ್ಸರಾಗಿ ಬೆಳೆಯಲು ಸಾಮಾನ್ಯವಾಗಿ ಹತ್ತು ವರ್ಷಗಳಾದರೂ ಹಿಡಿಯುತ್ತವೆ. ಅಷ್ಟರೊಳಗೆ ಕಂಡುಹಿಡಿದರೆ ತೆಗೆದುಹಾಕಬಹುದು. ಅಮೆರಿಕದ ಮಿನ್ನೆಸೋಟದಲ್ಲಿ 50ರಿಂದ 80 ವಯಸ್ಸಿನ 46,551 ಜನರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರತಿ ವರ್ಷ ಮಲಪರೀಕ್ಷೆಗೆ ಕರೆಯಲಾದವರ ಗುಂಪಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಸಾವು ಶೇಕಡ 33ರಷ್ಟು ಇಳಿಯಿತು.

ಪರೀಕ್ಷೆಯಲ್ಲಿ ನೋವಿಲ್ಲ, ಸೂಜಿಯಿಲ್ಲ. ಹಳೆಯ ವಿಧಾನದಲ್ಲಿ, ಗ್ವಾಯಕಮ್ ಎಂಬ ಮರದ ಅಂಟು ಸವರಿದ ಕಾಗದಕ್ಕೆ ಚೂರು ಮಲ ಹಚ್ಚಿ, ಹೈಡ್ರೋಜನ್ ಪೆರಾಕ್ಸೈಡ್ ಹನಿಸುತ್ತಾರೆ. ರಕ್ತವಿದ್ದರೆ ನೀಲಿ ಬಣ್ಣವೇಳುತ್ತದೆ. ಹಸಿ ಮೂಲಂಗಿ ಅಥವಾ ಕುರಿಮಾಂಸ ತಿಂದಿದ್ದರೂ ನೀಲಿಯಾಗಬಹುದಾದ್ದರಿಂದ ಮೂರು ದಿನ ಮುಂಚೆಯೇ ಅವನ್ನು ಬಿಡಬೇಕು. ಹೊಸ ವಿಧಾನವು ಮನುಷ್ಯನ ರಕ್ತವನ್ನು ಮಾತ್ರ ಗುರುತಿಸುವುದರಿಂದ ಪಥ್ಯ ಬೇಕಿಲ್ಲ. ಆದರೆ ಜಠರ ಹಾಗೂ ಸಣ್ಣ ಕರುಳಿನಿಂದ ಬಂದ ರಕ್ತ ಕೆಳಗಿಳಿಯುವಷ್ಟರಲ್ಲಿ ಜೀರ್ಣವಾಗಿಬಿಡುವ ಕಾರಣ, ಅದು ಇದರ ಕಣ್ಣಿಗೆ ತಪ್ಪಬಹುದು. ಹುಳುವಿನ ಶಂಕೆಯಿದ್ದರೆ ಸೂಕ್ಷ್ಮದರ್ಶಕದಲ್ಲಿ ಮೊಟ್ಟೆಗಳನ್ನೇ ನೋಡಬೇಕು.

ಫಲಿತಾಂಶದಲ್ಲಿ ರಕ್ತವಿದೆಯೆಂದು ಬಂದ ಮಾತ್ರಕ್ಕೆ ಕ್ಯಾನ್ಸರ್ ಎಂದು ಕಂಗೆಡಬಾರದು. ಬಹಳ ಮಂದಿಯಲ್ಲಿ ಬೇರೆಯೇ ಕಾರಣವಿರುತ್ತದೆ. ಹಾಗೆಂದು ಮೂಲವ್ಯಾಧಿಯೇ ಇರಬೇಕೆಂದು ನೀವೇ ತೀರ್ಮಾನಿಸಿ ಮನೆಯಲ್ಲಿ ಕೂರುವುದು ಅದಕ್ಕಿಂತ ಅಪಾಯ. ದೀಪವುಳ್ಳ ಬಾಗುವ ನಳಿಕೆಯಿಂದ ಕರುಳನ್ನು ನೋಡಿಸಿಕೊಳ್ಳಲು ವೈದ್ಯರು ದೊಡ್ಡ ಆಸ್ಪತ್ರೆಗೆ ಕಳುಹಿಸಿದರೆ, ಪತಿಪತ್ನಿಯರಿಬ್ಬರೂ ಜೊತೆಯಾಗಿ ಹೋಗಿ.

ರಕ್ತವು ಕಣ್ಣಿಗೇ ಕಾಣುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಮಲದ ರೀತಿ ವಾರಗಟ್ಟಲೆ ಬದಲಾಗಿದ್ದರೆ ಈ ಪರೀಕ್ಷೆಗಾಗಿ ಕಾಯದೆ ನೇರವಾಗಿ ವೈದ್ಯರನ್ನು ಕಾಣಿರಿ. ತಂದೆತಾಯಿಗೆ ಅಥವಾ ಒಡಹುಟ್ಟಿದವರಿಗೆ ಕರುಳಿನ ಕ್ಯಾನ್ಸರ್ ಬಂದಿದ್ದರೆ ಅದನ್ನೂ ಮುಚ್ಚಿಡದೆ ತಿಳಿಸಿರಿ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಮಾತ್ರೆ ಸೇವಿಸುತ್ತಿರುವುದನ್ನು ಹೇಳಿದರೆ ವೈದ್ಯರಿಗೆ ಅನುಕೂಲ.

ಮಾದರಿಯನ್ನು ನೀರು, ಮೂತ್ರ ತಾಗದಂತೆ ಶುಚಿಯಾದ ಕಾಗದದ ಮೇಲೆ ಹಿಡಿದು, ಕೊಟ್ಟಿರುವ ಕಡ್ಡಿಯಿಂದ ತೆಗೆಯಿರಿ. ಮುಟ್ಟಿನ ದಿನಗಳಲ್ಲಿ, ಅದು ನಿಂತ ಮೂರು ದಿನಗಳವರೆಗೆ ಬೇಡ. ಗುಪ್ತ ರಕ್ತವು ಪ್ರತಿದಿನ ಸೋರುವುದಿಲ್ಲವಾದ್ದರಿಂದ, ಹಳೆಯ ವಿಧಾನವಾದರೆ ಬೇರೆ ಬೇರೆ ದಿನಗಳ ಮೂರು ಮಾದರಿಗಳನ್ನು ಕೇಳುತ್ತಾರೆ. ಒಂದನ್ನು ಕೊಟ್ಟು ನಿಲ್ಲಿಸದೆ ಮೂರನ್ನೂ ಕೊಡಿರಿ.