ಜೀನ್‌ಗೆ ಮುಟ್ಟುವ ಅನುಭವ

ನರಕೋಶದಲ್ಲಿ ಏಳುವ ವಿದ್ಯುತ್ ಮಿಡಿತ ಕ್ಷಣಾರ್ಧದಲ್ಲಿ ಅಡಗಿಹೋಗುತ್ತದೆ. ಆದರೆ ಅದು ತಂದ ನೆನಪು ವರ್ಷಗಟ್ಟಲೆ ಉಳಿಯುತ್ತದೆ. ಇದು ಹೇಗೆ ಸಾಧ್ಯ?

1960ರ ದಶಕದಲ್ಲಿ ಅಮೆರಿಕದ ಬರ್ನಾರ್ಡ್ ಅಗ್ರನಾಫ್ ಗೋಲ್ಡ್‌ಫಿಷ್‌ಗಳಿಗೆ ಪಾಠ ಕಲಿಸಿ, ಕೂಡಲೇ ಪ್ರೋಟೀನ್ ತಯಾರಿಕೆಯನ್ನು ತಡೆಯುವ ಔಷಧ ಕೊಟ್ಟರು. ಮೀನುಗಳು ಕೆಲವೇ ದಿನಗಳಲ್ಲಿ ಪಾಠ ಮರೆತವು. ಗಂಟೆ ಕಳೆದ ಮೇಲೆ ಕೊಟ್ಟಾಗ ನೆನಪಿಗೆ ಧಕ್ಕೆಯಾಗಲಿಲ್ಲ. ಗಟ್ಟಿ ನೆನಪಿಗೆ ಹೊಸ ಪ್ರೋಟೀನ್ ಬೇಕು, ಪ್ರೋಟೀನಿಗೆ ಜೀನ್ ಎಚ್ಚರಗೊಳ್ಳಬೇಕು. ಹಾಗಾದರೆ ಅದನ್ನು ಎಬ್ಬಿಸುವವರು ಯಾರು?

ಮೊದಲ ಸುಳಿವು ಮಿದುಳಿನಿಂದ ಬರಲಿಲ್ಲ. 1984ರಲ್ಲಿ ಮೈಕೆಲ್ ಗ್ರೀನ್‌ಬರ್ಗ್ ಮತ್ತು ಎಡ್ವರ್ಡ್ ಝಿಫ್, ಇಲಿಯ ಸಂಯೋಜಕ ಅಂಗಾಂಶದ ಕೋಶಗಳಿಗೆ ಬೆಳವಣಿಗೆಯ ಸಂಕೇತ ಕೊಟ್ಟಾಗ ಸಿ-ಫಾಸ್ ಎಂಬ ಜೀನ್ ನಿಮಿಷಗಳಲ್ಲೇ ಚುರುಕಾದದ್ದನ್ನು ಕಂಡರು. 1986ರಲ್ಲಿ, ನರಕೋಶದಂತೆ ವರ್ತಿಸುವ ಕೋಶಗಳಲ್ಲೂ ಅದೇ ಕಂಡಿತು. ಮರುವರ್ಷ ಜೇಮ್ಸ್ ಮಾರ್ಗನ್, ಟಾಮ್ ಕರ್ರನ್ ಮತ್ತು ಸಂಗಡಿಗರು, ಸೆಳವು ಬಂದ ಇಲಿಯ ಮಿದುಳಿನಲ್ಲೇ ಅದನ್ನು ತೋರಿಸಿದರು. ಯಾವ ಕೋಶಗಳು ಈಗಷ್ಟೇ ಕೆಲಸ ಮಾಡಿದವು ಎಂದು ತಿಳಿಯಲು ವಿಜ್ಞಾನಿಗಳು ಇಂದಿಗೂ ಸಿ-ಫಾಸ್ ಅನ್ನೇ ಹುಡುಕುತ್ತಾರೆ.

ಎಬ್ಬಿಸುವ ಕ್ರಮ ಹೀಗಿದೆ. ಪ್ರಚೋದನೆ ಬಂದಾಗ ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗುತ್ತದೆ, ಕಿಣ್ವಗಳು ಚುರುಕಾಗುತ್ತವೆ. ಡಿಎನ್‌ಎ ಮೇಲೆ ಮೊದಲೇ ಕಾದು ಕುಳಿತ ಕ್ರೆಬ್ ಎಂಬ ಪ್ರೋಟೀನಿಗೆ ಅವು ಒಂದು ಫಾಸ್ಫೇಟ್ ಅಂಟಿಸುತ್ತವೆ. ಆಗ ಕ್ರೆಬ್, ಸಿಬಿಪಿ ಎಂಬ ಸಹಾಯಕನನ್ನು ಕರೆದುಕೊಂಡು ಜೀನ್ ಓದಿಸಲು ತೊಡಗುತ್ತದೆ. ಹೀಗೆ ಜೀನ್‌ಗಳ ಓದನ್ನು ನಿಯಂತ್ರಿಸುವ ಪ್ರೋಟೀನ್‌ಗಳೇ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು. ಸಿ-ಫಾಸ್‌ನಿಂದ ಹುಟ್ಟುವ ಪ್ರೋಟೀನ್ ಕೂಡ ಅಂಥದ್ದೇ. ಅದು ಜೂನ್ ಎಂಬ ಇನ್ನೊಂದರ ಜತೆಗೂಡಿ ಮುಂದಿನ ಜೀನ್‌ಗಳನ್ನು ಎಬ್ಬಿಸುತ್ತದೆ.

ಜೀನ್ ಎಬ್ಬಿಸುವ ಈ ಕ್ರಮಕ್ಕೂ ನೆನಪಿಗೂ ನಂಟಿದೆಯೇ? 1990ರಲ್ಲಿ ಪ್ರಮೋದ್ ದಾಶ್, ಬೆನ್ಯಾಮಿನ್ ಹೋಕ್ನರ್ ಮತ್ತು ಎರಿಕ್ ಕ್ಯಾಂಡೆಲ್, ಅಪ್ಲೀಸಿಯಾ ಎಂಬ ಕಡಲಜೀವಿಯ ನರಕೋಶಕ್ಕೆ ಕ್ರೆಬ್ ಅಂಟಿಕೊಳ್ಳುವ ಡಿಎನ್‌ಎ ತುಣುಕುಗಳನ್ನು ಚುಚ್ಚಿದರು. ಕ್ರೆಬ್ ಆ ತುಣುಕುಗಳಲ್ಲೇ ಸಿಕ್ಕಿಬಿತ್ತು. ನೆನಪಿಗೆ ಬುನಾದಿಯಾದ ನರಸಂಪರ್ಕದ ತಾತ್ಕಾಲಿಕ ಬಲವರ್ಧನೆ ಉಳಿಯಿತು, ದೀರ್ಘಕಾಲದ್ದು ಮೂಡಲೇ ಇಲ್ಲ. ಕ್ಯಾಂಡೆಲ್‌ಗೆ 2000ದಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

2008ರಲ್ಲಿ ಗ್ರೀನ್‌ಬರ್ಗ್ ತಂಡ, ಎನ್‌ಪಾಸ್4 ಎಂಬ, ಪ್ರಚೋದನೆಯಿಂದಲೇ ಹುಟ್ಟುವ ಇನ್ನೊಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ನರಕೋಶದ ಉದ್ರೇಕಕ್ಕೆ ಕಡಿವಾಣ ಹಾಕುವ ಸಂಪರ್ಕಗಳನ್ನು ಹೆಚ್ಚಿಸುತ್ತದೆಂದು ತೋರಿಸಿತು. ಪ್ರಚೋದನೆಯೇ ತನ್ನ ಅಂಕುಶವನ್ನೂ ಸಿದ್ಧಪಡಿಸುತ್ತದೆ!

ಕ್ರೆಬ್‌ನ ಸಹಾಯಕ ಸಿಬಿಪಿಯ ಜೀನ್‌ನ ಒಂದು ಪ್ರತಿ ಕೆಟ್ಟರೂ ಮಕ್ಕಳಲ್ಲಿ ರೂಬಿನ್‌ಸ್ಟೈನ್-ಟೇಬಿ ಸಿಂಡ್ರೋಮ್ ಬರಬಹುದು, ಕಲಿಕೆ ಕಷ್ಟವಾಗುತ್ತದೆ. ಆದ್ದರಿಂದ ಈ ಸಂಶೋಧನೆ ಮಕ್ಕಳ ಕಲಿಕೆಗೂ ಸಂಬಂಧಿಸಿದ್ದು. ಜೀನ್‌ಗಳೆಂದರೆ ಅಳಿಸಲಾಗದ ಹಣೆಬರಹ ಎಂದು ನಂಬುವವರಿಗೂ ಇದರಲ್ಲಿ ಉತ್ತರವಿದೆ: ಜೀನ್ ಹುಟ್ಟಿನಿಂದ ಬರುತ್ತದೆ, ಆದರೆ ಅದು ಯಾವಾಗ ಎಷ್ಟು ದುಡಿಯಬೇಕೆಂಬುದರಲ್ಲಿ ನಾವು ಕಂಡದ್ದು, ಕೇಳಿದ್ದು, ಕಲಿತದ್ದಕ್ಕೂ ಪಾಲಿದೆ.