ಮನೆ ಕಟ್ಟುವವನು ಬಿದ್ದರೆ ಹೊಣೆ ಯಾರದು?



2019ರ ಆಗಸ್ಟಿನಲ್ಲಿ ಕೃಷ್ಣಾ, ವೇದಗಂಗಾ, ದೂಧಗಂಗಾ ನದಿಗಳು ಉಕ್ಕಿ ಹರಿದಾಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಹೊಳೆದಂಡೆಯ ಊರುಗಳಲ್ಲಿ ಎಷ್ಟೋ ಮಣ್ಣಿನ ಗೋಡೆಗಳು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ನೆರವು ಘೋಷಿಸಿತು. ಹಳೆಯ ಗೋಡೆ ಕೆಡವಿ ಹೊಸ ಮನೆ ಎಬ್ಬಿಸುವಾಗ ನಾವು ಇಟ್ಟಂಗಿ, ಸಿಮೆಂಟು, ಕಬ್ಬಿಣದ ಲೆಕ್ಕ ಇಡುತ್ತೇವೆ. ಬಿದಿರಿನ ಅಟ್ಟಣಿಗೆಯ ಮೇಲೆ ನಿಂತ ಗೌಂಡಿ ಕಾಲು ಜಾರಿ ಬಿದ್ದರೆ ಯಾರು ಕೊಡಬೇಕು ಎಂಬ ಲೆಕ್ಕ ಮಾತ್ರ ಇಡುವುದಿಲ್ಲ. ಕೇಳಿದರೆ "ಅವನ ಹಣೆಬರಹ" ಎಂದು ಮಾತು ಮುಗಿಸುತ್ತೇವೆ.

ಕಾನೂನು ಹಾಗೆ ಮುಗಿಸುವುದಿಲ್ಲ. ಕೆಲಸದಲ್ಲಿ ಗಾಯಗೊಂಡವನಿಗೆ ಕೆಲಸ ಕೊಟ್ಟವನೇ ಪರಿಹಾರ ಕೊಡಬೇಕೆಂದು 1923ರಲ್ಲೇ ಕಾಯಿದೆ ಬಂತು. ಕೆಲಸ ಕೊಟ್ಟವನ ತಪ್ಪನ್ನು ಸಾಬೀತು ಮಾಡುವ ಅಗತ್ಯವಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ಆದರೆ ಒಂದು ಕಿಂಡಿ ಇತ್ತು: ವ್ಯಾಪಾರ-ಉದ್ದಿಮೆಗಲ್ಲದೆ, ಆಗೊಮ್ಮೆ ಈಗೊಮ್ಮೆ ಸ್ವಂತ ಕೆಲಸಕ್ಕೆ ಕರೆದ ಆಳು ಕಾಯಿದೆಯ ಹೊರಗೆ ಉಳಿಯುತ್ತಿದ್ದ. ಮನೆಯ ಯಜಮಾನ ಅದರಲ್ಲೇ ನುಸುಳಿಕೊಳ್ಳುತ್ತಿದ್ದ. 2000ದ ತಿದ್ದುಪಡಿ ಆ ಮಾತುಗಳನ್ನು ತೆಗೆದುಹಾಕಿತು. ಒಂದಕ್ಕಿಂತ ಹೆಚ್ಚು ಅಂತಸ್ತಿನ, ಇಲ್ಲವೆ ನೆಲದಿಂದ ಛಾವಣಿಯ ತುದಿಗೆ 12 ಅಡಿ ಅಥವಾ ಹೆಚ್ಚು ಎತ್ತರದ ಕಟ್ಟಡವನ್ನು ಕಟ್ಟುವ, ರಿಪೇರಿ ಮಾಡುವ, ಕೆಡಹುವ ಕೆಲಸಗಾರ ಆ ಕಾಯಿದೆಯ ಪಟ್ಟಿಯಲ್ಲಿದ್ದ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಅದರ ಜಾಗಕ್ಕೆ ಬಂದಿದೆ. ಹೊಣೆಯ ತಿರುಳು ಉಳಿದಿದೆ. ತಗ್ಗು ಪತ್ರಾಸಿನ ಮನೆಯಾದರೆ ಈ ದಾರಿ ಕಷ್ಟ. ಆಗ ಸಿವಿಲ್ ಕೋರ್ಟಿನಲ್ಲಿ ಯಜಮಾನನ ಅಲಕ್ಷ್ಯವನ್ನು ತೋರಿಸಬೇಕಾಗುತ್ತದೆ. ಅಟ್ಟಣಿಗೆಯ ಹಗ್ಗ ಕೊಳೆತಿತ್ತು, ವಿದ್ಯುತ್ ತಂತಿ ಕೈಗೆಟಕುತ್ತಿತ್ತು ಎಂಬಂಥ ಸಾಕ್ಷ್ಯ ಬೇಕು.

ಮೊತ್ತ ಎಷ್ಟಾದೀತು? ತಿಂಗಳ ಪಗಾರದ ಮಿತಿಯನ್ನು 2020ರಲ್ಲಿ 15,000 ರೂಪಾಯಿಗೆ ಏರಿಸಲಾಯಿತು. ಅಷ್ಟು ದುಡಿಯುವ 40 ವರ್ಷದವನು ಸತ್ತರೆ ಪಗಾರದ ಅರ್ಧ 7,500ನ್ನು ಆ ವಯಸ್ಸಿಗೆ ಗೊತ್ತುಪಡಿಸಿದ 184.17ರಿಂದ ಗುಣಿಸಬೇಕು. 13,81,275 ರೂಪಾಯಿ! 5 ಲಕ್ಷದ ನೆರವಿನಲ್ಲಿ ಎದ್ದ ಮನೆಯ ಯಜಮಾನ ಇದನ್ನು ಎಲ್ಲಿಂದ ತರಬೇಕು? ಅತ್ತ ಆ ಗೌಂಡಿಯ ಹೆಂಡತಿ ಮಕ್ಕಳು ತಿಂಗಳ ಕಿರಾಣಿಯನ್ನು ಎಲ್ಲಿಂದ ತರಬೇಕು? ಕಾನೂನು ಎರಡನೆಯ ಪ್ರಶ್ನೆಯನ್ನು ಮೊದಲು ಕೇಳುತ್ತದೆ. ಅದು ಸರಿ ಎಂದೇ ನನ್ನ ಅಭಿಪ್ರಾಯ.

ಪೂರ್ತಿ ಕೆಲಸವನ್ನು ಗುತ್ತಿಗೆಗೆ ಕೊಟ್ಟಿದ್ದರೆ ಚಿತ್ರ ಬದಲಾಗುತ್ತದೆ. ಆಳುಗಳನ್ನು ಕರೆತಂದು ಪಗಾರ ಹಂಚುವ ಗುತ್ತಿಗೆದಾರನೇ ಅವರ ಮಾಲೀಕ. ಸ್ವಂತ ವಾಸದ ಮನೆ ಯಜಮಾನನ ವ್ಯಾಪಾರವಲ್ಲವಾದ್ದರಿಂದ ಪರಿಹಾರದ ಹೊಣೆ ಸಾಮಾನ್ಯವಾಗಿ ಅವನಿಗೆ ಹೊರಳುವುದಿಲ್ಲ. ಆದರೆ ನಮ್ಮಲ್ಲಿ ಗುತ್ತಿಗೆ ಎಂದರೆ ಬಹಳ ಸಲ ಬಾಯಿಮಾತು. ಶನಿವಾರ ಪಗಾರ ಎಣಿಸಿ ಕೊಡುವವನು ಯಜಮಾನನೇ. ಹಾಗಿದ್ದಲ್ಲಿ ಗುತ್ತಿಗೆಯ ಮಾತು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

"ಏನಾದರೂ ಆದರೆ ನಾನೇ ಜವಾಬ್ದಾರ" ಎಂದು ಕೂಲಿಯವನಿಂದ ಬರೆಸಿಕೊಂಡ ಕಾಗದಕ್ಕೂ ಬೆಲೆಯಿಲ್ಲ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಕಾನೂನಿನಲ್ಲಿ ಶೂನ್ಯ. ಕುಡಿದು ಬಿದ್ದ ಎಂಬ ವಾದ ಸಣ್ಣ ಗಾಯಕ್ಕೆ ನಡೆದೀತು, ಸಾವಿಗೆ ಮತ್ತು ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ನಡೆಯದು.

ಶೌಚಗುಂಡಿಯ ವಿಷಯವೇ ಬೇರೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಅದರೊಳಗೆ ಇಳಿಸುವುದೇ 2013ರ ಕಾಯಿದೆಯಡಿ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಸೆರೆ. ಮನೆಯವರಿಗೂ ವಿನಾಯಿತಿಯಿಲ್ಲ. ಇಂಥ ಸಾವಿನ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 30 ಲಕ್ಷಕ್ಕೆ ಏರಿಸಿತು.

ಇಷ್ಟು ಭಾರ ಹೊರಲು ವಿಮೆಯೇ ದಾರಿ. ಕೆಲಸ ನಡೆಯುವಷ್ಟು ಕಾಲಕ್ಕೆ ಕಾರ್ಮಿಕ ಪರಿಹಾರ ಪಾಲಿಸಿಯನ್ನು ಸಾಮಾನ್ಯ ವಿಮಾ ಕಂಪನಿಗಳು ಕೊಡುತ್ತವೆ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಕೂಲಿಯವನ ಸ್ವಂತ ಖಾತೆಯದು. ಅದರ 2 ಲಕ್ಷ ಬಂದಿತೆಂದು ಯಜಮಾನನ ಹೊಣೆ ತಗ್ಗುವುದಿಲ್ಲ. ನಿಮ್ಮ ಮನೆಯ ಪಾಯ ತೋಡುವ ಮುನ್ನ ಅಪ್ಪನ ಹತ್ತಿರ ಈ ಮಾತು ತೆಗೆಯಿರಿ. ನಿಮ್ಮ ಅಪ್ಪನೇ ಗೌಂಡಿಯಾಗಿದ್ದರೆ, ಅಪಘಾತವಾದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕೆಂಬುದನ್ನೂ, ಒಂದು ತಿಂಗಳಲ್ಲಿ ಕೊಡದ ಹಣಕ್ಕೆ ಶೇಕಡ 12ರ ಬಡ್ಡಿ ಇದೆಯೆಂಬುದನ್ನೂ ತಿಳಿಸಿರಿ.