ಮಿಲಾನಿನ ಬೇಕರಿಯಲ್ಲಿ ನಮ್ಮ ಒತ್ತಕ್ಷರ



ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ಕರೆದಿದ್ದೀರಿ. ನಾನು ರೊಟ್ಟಿಯ ಬಗ್ಗೆ ಮಾತಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕೆಲಸದ ಮೇಲೆ ಆರು ತಿಂಗಳು ಇಟಲಿಯ ಮಿಲಾನ್‌ನಲ್ಲಿದ್ದೆ. ರೊಟ್ಟಿ ಅಂದರೆ ಬೇಗಾರಿನಲ್ಲಿ ಅಕ್ಕಿ ರೊಟ್ಟಿ, ಹುಬ್ಬಳ್ಳಿಯಲ್ಲಿ ಜೋಳದ್ದು. ಇಟಲಿಯಲ್ಲೂ ಹಾಗೇ. ಬ್ರೆಡ್ಡಿಗೆ ‘ಪಾನೆ’ ಅನ್ನುತ್ತಾರೆ, ಆದರೆ ಸೀಮೆಗೊಂದು ಪಾನೆ. ಫ್ಲಾರೆನ್ಸ್ ಕಡೆಯದಕ್ಕೆ ಉಪ್ಪೇ ಹಾಕುವುದಿಲ್ಲ. ದಕ್ಷಿಣದ ಅಲ್ತಮೂರಾದ ಬ್ರೆಡ್ಡಿನ ಹೆಸರಿಗೆ 2003ರಲ್ಲಿ ಯುರೋಪಿಯನ್ ಒಕ್ಕೂಟದ ರಕ್ಷಣೆ ಸಿಕ್ಕಿದೆ. ಬೇರೆ ಕಡೆ ಮಾಡಿ ಆ ಹೆಸರಲ್ಲಿ ಮಾರುವಂತಿಲ್ಲ. ಮಿಲಾನಿನದು ‘ಮಿಕೆತ್ತಾ’. ಮೇಲೆ ಹೂವಿನ ಎಸಳಿನ ಗುರುತು, ಒಳಗೆ ಪೊಳ್ಳು. ಹೆಚ್ಚುಕಡಿಮೆ ಅದೇ ಬ್ರೆಡ್ಡಿಗೆ ರೋಮ್‌ನಲ್ಲಿ ‘ರೊಸೆತ್ತಾ’.

ಜೊತೆಯವರು ಗಾಜಿನ ಮೇಲೆ ಬೆರಳಿಟ್ಟು ‘ದಿಸ್, ದಿಸ್’ ಅನ್ನುತ್ತಿದ್ದರು. ಬ್ರೆಡ್ಡೇನೋ ಸಿಗುತ್ತಿತ್ತು. ನಾನು ಬೇಕಾದ ಮಾತನ್ನು ಕನ್ನಡ ಲಿಪಿಯಲ್ಲಿ ಚೀಟಿಯಲ್ಲಿ ಬರೆದುಕೊಂಡು ಹೋದೆ: “ವೊರ್ರೇಯ್ ದೂಎ ಮಿಕೆತ್ತೆ, ಪೆರ್ ಫವೋರೆ.” ದಯವಿಟ್ಟು ಎರಡು ಮಿಕೆತ್ತಾ ಕೊಡ್ತೀರಾ ಎಂದರ್ಥ. ಒಂದಾದರೆ ಮಿಕೆತ್ತಾ, ಎರಡಾದರೆ ಮಿಕೆತ್ತೆ. ಅಂಗಡಿಯ ಅಜ್ಜಿ ಕತ್ತೆತ್ತಿ ನೋಡಿ, ಎಲ್ಲಿ ಕಲಿತೆ ಎಂದು ಕೇಳಿದರು.

ಆ ‘ತ್ತ’ ನನಗೆ ಸಲೀಸಾಗಿ ಬಂದದ್ದು ಇಲ್ಲಿಂದ. ಇಂಗ್ಲಿಷಿನಲ್ಲಿ ಒಂದೇ ಅಕ್ಷರ ಎರಡು ಸಲ ಬರೆದರೂ ಸಾಮಾನ್ಯವಾಗಿ ಒತ್ತಿ ಹೇಳುವುದಿಲ್ಲ. ಇಟಾಲಿಯನ್ನಿನಲ್ಲಿ ಒತ್ತು ಬಿಟ್ಟರೆ ಅರ್ಥವೇ ಬೇರೆ. ‘ಕಾಸಾ’ ಅಂದರೆ ಮನೆ, ‘ಕಾಸ್ಸಾ’ ಅಂದರೆ ದುಡ್ಡು ಕೊಡುವ ಕೌಂಟರು. ನಮ್ಮ ಕತೆ, ಕತ್ತೆ ಇದ್ದ ಹಾಗೆ. ಒತ್ತು ಬಿಟ್ಟವರಿಗೆ ಹತ್ತು ಸಲ ಬರೆಸುತ್ತಿದ್ದ ಕನ್ನಡ ಮೇಷ್ಟ್ರು ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಸರ್, ಅಜ್ಜಿಯ ಮೆಚ್ಚುಗೆ ನಿಮಗೆ ಸೇರಬೇಕಾದದ್ದು.

ಮೂರನೇ ವಾರದಿಂದ ಅಜ್ಜಿ ನನ್ನನ್ನು ಕಂಡ ಕೂಡಲೇ “ಇಲ್ ಸೋಲಿತೊ?” ಅನ್ನುತ್ತಿದ್ದರು, ದಿನಾ ಒಯ್ಯುವುದೇ ತಾನೆ ಎಂದು. ನಿಮ್ಮೂರಲ್ಲಿ ಯಾವ ಪಾನೆ ಎಂದೂ ಕೇಳಿದರು. ಅಕ್ಕಿಯದು ಎಂದೆ. ಮಿಲಾನಿನ ಸುತ್ತಮುತ್ತ ಭತ್ತ ಬೆಳೆಯುತ್ತಾರೆ, ಆದರೂ ಅಕ್ಕಿಯಲ್ಲಿ ರೊಟ್ಟಿಯೇ ಎಂದು ಅವರಿಗೆ ಆಶ್ಚರ್ಯ.

ಕನ್ನಡ ಮೀಡಿಯಂನಲ್ಲಿ ಓದಿ ಹೊರಗೆ ಏನು ಮಾಡ್ತಾನೆ ಎಂಬ ಮಾತು ನಮ್ಮ ಮನೆಗಳಲ್ಲಿ ಈಗಲೂ ಇದೆ. ಇಂಗ್ಲಿಷ್ ಬೇಕು, ಸುಳ್ಳು ಹೇಳುವುದಿಲ್ಲ; ಅದಿಲ್ಲದೆ ನನಗೆ ಕೆಲಸವೇ ಸಿಗುತ್ತಿರಲಿಲ್ಲ. ಪಿಯುಸಿಯ ಮೊದಲ ಮೂರು ತಿಂಗಳು ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂತವನು ನಾನು. ಮಕ್ಕಳೇ, ನೀವೂ ಹಾಗೆ ಕೂರಬೇಕಾಗಿ ಬಂದರೆ, ಕಿವಿಗೆ ಬಿದ್ದದ್ದನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ, ಮನೆಗೆ ಹೋಗಿ ಜೋರಾಗಿ ಓದಿ. ನಾನು ಮಾಡಿದ್ದು ಅಷ್ಟೇ.

ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆಯಂತೆ. ಹತ್ತನೇ ಕ್ಲಾಸಿನವರು ಬೇಕಾದರೆ ಹೊರಗೆ ಬನ್ನಿ, ಇಟಾಲಿಯನ್ನಿನಲ್ಲಿ ಹತ್ತರವರೆಗೆ ಎಣಿಸುವುದನ್ನು ಹೇಳಿಕೊಡುತ್ತೇನೆ.